ಊರಿನ ನೆನಪು ಬೇರೆ, ಒಂಟಿತನ ಬೇರೆ: ಕೊಡಗಿನಿಂದ ಲಂಡನ್ನಿಗೆ ಹೊರಟವರಿಗೆ

ಕಳೆದ ತಿಂಗಳು ಪಕ್ಕದ ತೋಟದ ಹುಡುಗಿ ಬಂದು ನಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಳು. ಓದಲು ಸೆಪ್ಟೆಂಬರಿನಲ್ಲಿ ಲಂಡನ್ನಿಗೆ ಹೊರಟಿದ್ದಾಳೆ. "ಅಕ್ಕಾ, ಅಲ್ಲಿ ತುಂಬಾ ಬೇಜಾರಾಗುತ್ತಾ?" ಅಂತ ಕೇಳಿದಳು. ಜೊತೆಗಿದ್ದ ಅವಳ ಅಮ್ಮ, "ಹೋಗೋ ಮುಂಚೆ ಅದೆಲ್ಲ ಯಾಕೆ ಮಾತಾಡ್ತೀಯ" ಅಂತ ಗದರಿದರು.

ಚಳಿ ಎಷ್ಟು, ಬಾಡಿಗೆ ಎಷ್ಟು, ಕೆಲಸ ಸಿಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಇದನ್ನು ಕೇಳಿದವಳು ಇವಳೊಬ್ಬಳೇ. ಆಗುತ್ತೆ ಅಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಮಾದಾಪುರದ ಕಡೆಯ ಈ ಮನೆಯಿಂದ ನಾನೂ ಹಾಗೇ ಹೊರಟವಳು. 2015ರಿಂದ ಏಳು ವರ್ಷ ಲಂಡನ್ನಿನಲ್ಲಿದ್ದೆ. ಮೊದಲ ವರ್ಷ ಓದು, ಆಮೇಲೆ ಕೆಲಸ. ಆ ಮೊದಲ ವರ್ಷ ನನಗೆ ಯಾರಾದರೂ ಇಷ್ಟು ಹೇಳಿದ್ದರೆ ಎಷ್ಟೋ ರಾತ್ರಿಗಳು ಉಳಿಯುತ್ತಿದ್ದವು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಊರಿಗೆ ಹೊರಟವರಿಗೂ ಇದರಲ್ಲಿ ಬಹುಪಾಲು ಆಗಿಬರುತ್ತದೆ.

ಮೊದಲ ಹೆಜ್ಜೆ: ಎರಡನ್ನೂ ಬೇರೆ ಮಾಡಿ ನೋಡಿ

ಬೇಜಾರು ಅಂತ ನಾವು ಒಂದೇ ಮಾತಿನಲ್ಲಿ ಹೇಳುವುದರೊಳಗೆ ಎರಡು ನೋವಿವೆ. ಒಂದು ಊರಿನ ನೆನಪು. ಇನ್ನೊಂದು ಒಂಟಿತನ. ಒಟ್ಟಿಗೇ ಬರುವುದರಿಂದ ಒಂದೇ ಅನ್ನಿಸುತ್ತದೆ. ಆದರೆ ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಊರಿನ ನೆನಪಿಗೆ ಬೇಕಾಗಿರುವುದು ಒಂದು ಜಾಗ. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದು, ಬಚ್ಚಲ ಒಲೆಯ ಹೊಗೆ, ಹೂಮಳೆ ಬಿದ್ದು ಕೆಲವು ದಿನಕ್ಕೆ ತೋಟವಿಡೀ ಬಿಳಿಯಾಗಿ ಮಲ್ಲಿಗೆಯ ಹಾಗೆ ಘಮ್ಮೆನ್ನುವುದು. ಒಂಟಿತನಕ್ಕೆ ಬೇಕಾಗಿರುವುದು ಒಬ್ಬ ಮನುಷ್ಯ. ನೀವು ಇವತ್ತು ಮನೆಗೆ ತಡವಾಗಿ ಬಂದಿರಿ ಅಂತ ಗಮನಿಸುವವರು. ಜ್ವರ ಬಂದರೆ ಬಾಗಿಲು ತಟ್ಟುವವರು.

ನಾನು ಮಾಡಿದ ತಪ್ಪು ಇದೇ. ಅಕ್ಟೋಬರಿನ ಸಂಜೆಗಳಲ್ಲಿ ಬಸ್ಸಿನ ಮೇಲಂತಸ್ತಿನಲ್ಲಿ ಕೂತು ಅಮ್ಮನಿಗೆ ಫೋನ್ ಮಾಡುತ್ತಿದ್ದೆ. ದಿನಕ್ಕೆ ಮೂರು ಸಲ, ಕೆಲವೊಮ್ಮೆ ನಾಲ್ಕು ಸಲ. ಮಾತಾಡುವಾಗ ಹಾಯೆನಿಸುತ್ತಿತ್ತು. ಫೋನ್ ಇಟ್ಟ ಮೇಲೆ ಕೋಣೆ ಮೊದಲಿಗಿಂತ ಖಾಲಿ ಅನ್ನಿಸುತ್ತಿತ್ತು. ನನಗೆ ಆಗ ಬೇಕಿದ್ದದ್ದು ಲಂಡನ್ನಿನಲ್ಲೇ ಇರುವ ಒಂದು ಜೀವ. ಅಮ್ಮ ಎಷ್ಟು ಮಾತಾಡಿದರೂ ಆ ಜಾಗ ತುಂಬುವುದು ಹೇಗೆ? ಅದು ಅಮ್ಮನ ಕೈಯಲ್ಲಿರಲಿಲ್ಲ.

ಹಾಗಾಗಿ ಮನಸ್ಸು ಕುಸಿದಾಗ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ನನಗೀಗ ಊರು ಬೇಕಾ, ಜನ ಬೇಕಾ? ಉತ್ತರವನ್ನು ಒಂದು ಪುಸ್ತಕದಲ್ಲಿ ಒಂದೇ ಸಾಲು ಬರೆದಿಡಿ. ಎರಡು ವಾರ ಬರೆದರೆ ಸಾಕು, ನಿಮ್ಮದೇ ಒಂದು ಕ್ರಮ ಕಾಣುತ್ತದೆ. ನನಗೆ ಬೆಳಿಗ್ಗೆ ಊರು ಬೇಕಾಗುತ್ತಿತ್ತು. ಭಾನುವಾರ ಮಧ್ಯಾಹ್ನ ಜನ ಬೇಕಾಗುತ್ತಿದ್ದರು.

ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಊರಿನ ಹಂಬಲಕ್ಕೆ ನೋಸ್ಟಾಲ್ಜಿಯಾ ಅಂತ ಹೆಸರು ಬಂದದ್ದೇ ಒಂದು ಕಾಯಿಲೆಯ ಹೆಸರಾಗಿ. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ಲಿನಲ್ಲಿ ವೈದ್ಯಕೀಯ ಓದುತ್ತಿದ್ದ ಯೋಹಾನೆಸ್ ಹೋಫರ್, ಊರು ಬಿಟ್ಟು ಬಂದು ಕೊರಗುವವರ ಬಗ್ಗೆ ಬರೆಯುತ್ತಾ ಆ ಪದ ಕಟ್ಟಿದ. ಮನೆಗೆ ಮರಳುವುದು, ನೋವು ಎಂಬ ಎರಡು ಗ್ರೀಕ್ ಮಾತು ಸೇರಿಸಿ ಮಾಡಿದ ಪದ. ಪರದೇಶದ ಸೈನ್ಯಗಳಿಗೆ ಸೇರಿದ್ದ ಸ್ವಿಸ್ ಸೈನಿಕರ ಕಾಯಿಲೆ ಅಂತಲೇ ಅದು ಬಹಳ ಕಾಲ ಹೆಸರಾಗಿತ್ತು. ಬೆಟ್ಟದ ನಾಡು, ಮನೆಮನೆಗೊಬ್ಬ ಸೈನಿಕ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಕೊಡಗೇ.

ಇನ್ನು ಒಂಟಿತನ. ಅದೂ ನಿಮ್ಮೊಬ್ಬರದಲ್ಲ. ಬ್ರಿಟನ್ ಸರ್ಕಾರ 2018ರಲ್ಲಿ ಒಂಟಿತನದ ವಿಷಯ ನೋಡಿಕೊಳ್ಳಲೆಂದೇ ಒಬ್ಬ ಸಚಿವರಿಗೆ ಹೊಣೆ ಕೊಟ್ಟಿತು. ಪ್ರಪಂಚದಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2025ರ ವರದಿಯಲ್ಲಿ ಹೇಳಿದೆ. ನಿಮ್ಮ ಪಕ್ಕದ ಕೋಣೆಯ ಇಂಗ್ಲಿಷ್ ಹುಡುಗಿಗೂ ಅದೇ ಇರಬಹುದು. ಇದು ಗೊತ್ತಿದ್ದರೆ ಅವಳ ಬಾಗಿಲು ತಟ್ಟುವುದು ಸ್ವಲ್ಪ ಸುಲಭ.

ಹೊರಡುವ ಮುನ್ನ ಮನೆಯಲ್ಲೇ ಮಾಡಬೇಕಾದದ್ದು

ಫೋಟೋ ಎಲ್ಲರೂ ತೆಗೆದುಕೊಳ್ಳುತ್ತಾರೆ. ನೀವು ಸದ್ದು ಹಿಡಿದಿಟ್ಟುಕೊಳ್ಳಿ. ಜುಲೈ ತಿಂಗಳ ರಾತ್ರಿ ಜಗಲಿಯಲ್ಲಿ ಫೋನ್ ಇಟ್ಟು ಹತ್ತು ನಿಮಿಷ ಮಳೆ ರೆಕಾರ್ಡ್ ಮಾಡಿ. ಸಂಜೆಯ ಜೀರುಂಡೆ, ಅಜ್ಜಿ ಕೋಳಿ ಕರೆಯುವುದು, ಕಣದಲ್ಲಿ ಕಾಫಿ ಎಳೆಯುವ ಸದ್ದು, ಯಾವುದಾದರೂ ಸರಿ. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಲಂಡನ್ನಿನಲ್ಲಿ ಆರುನೂರರ ಆಸುಪಾಸು. ಅಲ್ಲಿ ಸದಾ ಮಳೆ ಅಂತ ಕೇಳಿಕೊಂಡೇ ಹೋಗಿದ್ದೆ. ಆದರೆ ಅದು ಸದ್ದಿಲ್ಲದ ಮಳೆ. ಕಿಟಕಿ ಗಾಜಿನ ಮೇಲೆ ಹನಿ ಜಾರುತ್ತದೆ, ಅಷ್ಟೇ. ನಾನು ಏನನ್ನೆಲ್ಲ ನೆನೆಸಿಕೊಂಡು ಅಳಬಹುದು ಅಂತ ಮೊದಲೇ ಯೋಚಿಸಿದ್ದೆನೋ ಅದರಲ್ಲಿ ಮಳೆಯ ಸದ್ದು ಇರಲೇ ಇಲ್ಲ.

ಪೆಟ್ಟಿಗೆಗೆ ಕಾಫಿ ಪುಡಿ, ಕರಿಮೆಣಸು, ಚೆನ್ನಾಗಿ ಮುಚ್ಚಳ ಬಿಗಿದ ಒಂದು ಸಣ್ಣ ಬಾಟಲಿ ಕಾಚಂಪುಳಿ (ಅಡುಗೆಗೆ ಹಾಕುವ ನಮ್ಮ ಕಪ್ಪು ಹುಳಿ) ಹಾಕಿಕೊಳ್ಳಿ. ಬಾಟಲಿ ಚೆಕ್-ಇನ್ ಲಗೇಜಿನಲ್ಲೇ ಇರಲಿ. ಮಾಂಸದ ಯಾವ ಪದಾರ್ಥವನ್ನೂ, ಹಾಲು ತುಪ್ಪದ ಯಾವುದನ್ನೂ ಭಾರತದಿಂದ ಬ್ರಿಟನ್ನಿಗೆ ಒಯ್ಯುವಂತಿಲ್ಲ. ಚಿಕ್ಕಮ್ಮ ಪ್ರೀತಿಯಿಂದ ಕಟ್ಟಿಕೊಟ್ಟ ಹಂದಿ ಉಪ್ಪಿನಕಾಯಿ ವಿಮಾನ ನಿಲ್ದಾಣದಲ್ಲೇ ಹೋಗುತ್ತದೆ. ಮೊದಲೇ ಬೇಡ ಅಂದುಬಿಡಿ. ಹಸಿ ಸೊಪ್ಪು, ಗಿಡ, ಬೀಜಕ್ಕೂ ಕಟ್ಟುನಿಟ್ಟಿದೆ.

ಮನೆಯವರ ಜೊತೆ ಕೂತು ಇನ್ನೊಂದು ಕೆಲಸ ಮಾಡಿ. ಮನೆಗೆ ಫೋನ್ ಸಿಗದಿದ್ದರೆ ಯಾರಿಗೆ ಮಾಡಬೇಕು ಅಂತ ಎರಡು ನಂಬರ್ ಗೊತ್ತು ಮಾಡಿಕೊಳ್ಳಿ. ಒಂದು ಹತ್ತಿರದ ಪೇಟೆಯದ್ದು, ಒಂದು ಕೊಡಗಿನಿಂದ ಹೊರಗೆ, ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವವರದ್ದು. 2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ ನಾನು ಲಂಡನ್ನಿನಲ್ಲಿದ್ದೆ. ನಮ್ಮ ಕಡೆ ಕರೆಂಟಿಲ್ಲ, ಟವರಿಲ್ಲ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಅಂತ ಹೆಸರುಗಳು ಸುದ್ದಿಯಲ್ಲಿ ಬರುತ್ತಿದ್ದವು. ಮಾದಾಪುರದ ಹೆಸರು ಬಂದಾಗ ನನ್ನ ಕೈ ನಡುಗಿತು. ಮೂರು ದಿನ ಮನೆಯವರ ದನಿ ಕೇಳಲಿಲ್ಲ. ಕೊನೆಗೆ ಮೈಸೂರಿನ ದೊಡ್ಡಮ್ಮನಿಂದ ಒಂದು ಸಾಲು ಬಂತು: ಎಲ್ಲರೂ ಶಿಬಿರದಲ್ಲಿದ್ದಾರೆ, ಅಜ್ಜಿ ಊಟ ಮಾಡಿದ್ದಾರೆ. ಅಪ್ಪ ಯಾರದ್ದೋ ಫೋನಿನಿಂದ ಅವರಿಗೆ ಹೇಳಿ ಕಳಿಸಿದ್ದರು. ಹೀಗೆ ಆದೀತು ಅಂತ ಮೊದಲೇ ಮಾತಾಡಿಕೊಂಡಿದ್ದರೆ ಆ ಸಾಲು ಎರಡು ದಿನ ಮುಂಚೆಯೇ ಬರುತ್ತಿತ್ತು.

ಮೊದಲ ಆರು ವಾರ

ಮೊದಲ ಒಂದೆರಡು ವಾರ ಎಲ್ಲ ಹೊಸದು, ಚೆಂದ. ಬೇಜಾರು ಬರುವುದು ಆಮೇಲೆ. ಫೋನ್, ಬ್ಯಾಂಕ್, ಕಾಲೇಜಿನ ಓಡಾಟ ಮುಗಿದು ಒಂದು ಸಾಮಾನ್ಯ ಮಂಗಳವಾರ ಬರುತ್ತದಲ್ಲ, ಆಗ. ಅದಕ್ಕೆ ಮೊದಲ ವಾರದಲ್ಲೇ ತಯಾರಾಗಿ.

ಮೊದಲು ಜಿಪಿ ಬಳಿ ಹೆಸರು ಬರೆಸಿ. ಜಿಪಿ ಅಂದರೆ ಆ ಬಡಾವಣೆಯ ಡಾಕ್ಟರ ಕ್ಲಿನಿಕ್. ನೋಂದಣಿಗೆ ದುಡ್ಡಿಲ್ಲ. ವಿದ್ಯಾರ್ಥಿಗಳು ವೀಸಾ ಜೊತೆಗೇ ಆರೋಗ್ಯ ಶುಲ್ಕ ಕಟ್ಟಿರುತ್ತಾರೆ, ಅದು ನಿಮ್ಮ ಹಕ್ಕು. ಕಾಯಿಲೆ ಬಿದ್ದ ಮೇಲೆ ನೋಡೋಣ ಅಂತ ಬಿಡಬೇಡಿ. ಜ್ವರದಲ್ಲಿ ಮಲಗಿ ಫಾರ್ಮ್ ತುಂಬುವುದು ಬಹಳ ಕಷ್ಟ.

ಎರಡನೆಯದು, ನಿಮ್ಮ ಗಡಿಯಾರವನ್ನು ಲಂಡನ್ನಿಗೆ ತನ್ನಿ. ಊರಿನ ಹೊತ್ತಿಗೇ ಏಳುವುದು, ಊರಿನವರು ಮಲಗುವವರೆಗೆ ಮೆಸೇಜ್ ಮಾಡುವುದು, ಮಧ್ಯಾಹ್ನ ನಿದ್ದೆ, ರಾತ್ರಿ ಎಚ್ಚರ. ಎಷ್ಟೋ ಹುಡುಗರು ಹೀಗೇ ದಿನ ಕಳೆಯುವುದನ್ನು ನೋಡಿದ್ದೇನೆ. ದೇಹ ಅಲ್ಲಿ, ದಿನ ಇಲ್ಲಿ. ಹಾಗಿದ್ದರೆ ಯಾವ ಊರೂ ನಿಮ್ಮದಾಗುವುದಿಲ್ಲ.

ಮೂರನೆಯದು ಸಣ್ಣದು, ಆದರೆ ನನಗೆ ಎಲ್ಲಕ್ಕಿಂತ ಜಾಸ್ತಿ ಸಹಾಯ ಮಾಡಿದ್ದು ಅದೇ. ಒಂದೇ ಅಂಗಡಿಗೆ, ಒಂದೇ ಹೊತ್ತಿಗೆ ಹೋಗಿ. ಬ್ರೆಡ್ ಅಂಗಡಿ ಆಗಬಹುದು, ತರಕಾರಿ ಅಂಗಡಿ ಆಗಬಹುದು, ಲೈಬ್ರರಿಯ ಒಂದೇ ಮೇಜು ಆಗಬಹುದು. ಸೋಮವಾರಪೇಟೆ ಸಂತೆಯಲ್ಲಿ ನಿಮ್ಮನ್ನು ಯಾರ ಮಗಳು ಅಂತ ಗುರುತಿಸುತ್ತಾರೆ. 2011ರ ಜನಗಣತಿಯಲ್ಲಿ ಇಡೀ ಕೊಡಗಿನ ಜನ 5,54,519. ಲಂಡನ್ನಿನಲ್ಲಿ ಸುಮಾರು ತೊಂಬತ್ತು ಲಕ್ಷ. ಅಷ್ಟು ಜನರ ನಡುವೆ ಗುರುತು ಹುಟ್ಟುವುದು ಮತ್ತೆ ಮತ್ತೆ ಕಂಡ ಮುಖದಿಂದ ಮಾತ್ರ. ನನ್ನ ಬೀದಿಯ ಮೂಲೆಯಲ್ಲಿ ಟರ್ಕಿಯವರೊಬ್ಬರ ತರಕಾರಿ ಅಂಗಡಿ ಇತ್ತು. ಐದನೇ ವಾರ ಅವರು, "ನಿನ್ನೆ ಬರಲಿಲ್ಲ?" ಅಂತ ಕೇಳಿದರು. ಮನೆಗೆ ಬರುವಾಗ ದಾರಿಯುದ್ದಕ್ಕೂ ಅದೇ ಮಾತು ಕಿವಿಯಲ್ಲಿತ್ತು. ನಾನು ಬರಲಿಲ್ಲ ಅಂತ ಗಮನಿಸಿದ ಒಬ್ಬರು ಆ ಊರಿನಲ್ಲಿ ಇದ್ದರು!

ಫೋನಿಗೆ ಒಂದು ಹೊತ್ತು ಗೊತ್ತುಮಾಡಿ

ಬೇಸಿಗೆಯಲ್ಲಿ ಲಂಡನ್ನಿಗಿಂತ ನಾವು ನಾಲ್ಕೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ಐದೂವರೆ ಗಂಟೆ. ಅಕ್ಟೋಬರಿನ ಕೊನೆಯ ಭಾನುವಾರ ಅವರು ಗಡಿಯಾರ ಬದಲಿಸುತ್ತಾರೆ. ಅವತ್ತು ಮನೆಯವರಿಗೆ ಮೊದಲೇ ತಿಳಿಸಿ. ಇಲ್ಲದಿದ್ದರೆ ಅಮ್ಮ ಒಂದು ಗಂಟೆ ಫೋನ್ ಹಿಡಿದು ಕೂತಿರುತ್ತಾರೆ.

ದಿನಕ್ಕೊಂದು ಸಲ ಸಾಕು. ಹೊತ್ತು ಒಂದೇ ಇರಲಿ. ಅದು ನೀವು ಕುಸಿದ ಹೊತ್ತಾಗದೆ ಇಬ್ಬರಿಗೂ ಪುರುಸೊತ್ತಿರುವ ಹೊತ್ತಾಗಲಿ. ನಾನು ಬೆಳಿಗ್ಗೆ ಏಳೂವರೆಗೆ, ಕಾಫಿ ಮಾಡುತ್ತಾ ಮಾತಾಡುತ್ತಿದ್ದೆ. ಇಲ್ಲಿ ಮಧ್ಯಾಹ್ನ. ಅಮ್ಮ ಊಟಕ್ಕೆ ಎಲ್ಲ ಅಣಿ ಮಾಡುತ್ತಿದ್ದರು. ಇಬ್ಬರಿಗೂ ಕೈತುಂಬ ಕೆಲಸ, ನಡುನಡುವೆ ಮಾತು. ಪಕ್ಕದಲ್ಲೇ ಇದ್ದ ಹಾಗಿರುತ್ತಿತ್ತು. ರಾತ್ರಿ ಹಾಸಿಗೆಯಲ್ಲಿ ಮಲಗಿ ಮಾಡುವ ಫೋನ್ ಒಳ್ಳೆಯದಲ್ಲ. ಮಾತು ಮುಗಿದ ಮೇಲೆ ಹೋಗಲು ಎಲ್ಲಿಗೂ ಇರುವುದಿಲ್ಲ.

ಬೇಸರವನ್ನು ಮುಚ್ಚಿಡಬೇಡಿ. ಹಾಗಂತ ಅಪ್ಪನ ಮೇಲೆ ಎಲ್ಲವನ್ನೂ ಸುರಿಯಲೂ ಬೇಡಿ. "ಈ ವಾರ ಮನಸ್ಸು ಸರಿ ಇಲ್ಲ, ಆದರೆ ಊಟ ಮಾಡುತ್ತಿದ್ದೇನೆ, ಹೊರಗೆ ಹೋಗುತ್ತಿದ್ದೇನೆ." ಇಷ್ಟು ಹೇಳಿದರೆ ನಿಜವೂ ಹೇಳಿದ ಹಾಗೆ, ಅವರಿಗೆ ನಿದ್ದೆಯೂ ಬರುತ್ತದೆ.

ಜನರನ್ನು ಮಾಡಿಕೊಳ್ಳುವುದು

ಇದು ಕಷ್ಟದ ಹೆಜ್ಜೆ. ಸಮಯ ಹಿಡಿಯುತ್ತದೆ, ಅದನ್ನು ಮೊದಲೇ ಒಪ್ಪಿಕೊಳ್ಳಿ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಇದರ ಲೆಕ್ಕ ತೆಗೆದರು. ಪರಿಚಯ ಅನ್ನುವುದು ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು. ಗೆಳತಿ ಅನ್ನಲು 90 ಗಂಟೆ. ಆಪ್ತರಾಗಲು 200 ಗಂಟೆಗೂ ಮಿಕ್ಕಿ. ವಾರಕ್ಕೆ ಎರಡು ಗಂಟೆ ಸಿಕ್ಕರೆ ಮೊದಲ ಮೆಟ್ಟಿಲಿಗೇ ಆರು ತಿಂಗಳು. ಈ ಲೆಕ್ಕ ಓದಿ ನನಗೆ ಸಮಾಧಾನವಾಯಿತು. ಎರಡು ತಿಂಗಳಿಗೇ "ನನಗೆ ಯಾರೂ ಆಗಲಿಲ್ಲ" ಅಂತ ಕೊರಗಿದ್ದೆನಲ್ಲ, ಅಷ್ಟರಲ್ಲಿ ಆಗುವುದು ಸಾಧ್ಯವೇ ಇರಲಿಲ್ಲ.

ಈ ಲೆಕ್ಕದಿಂದ ಒಂದು ದಾರಿಯೂ ಸಿಗುತ್ತದೆ. ಒಮ್ಮೆ ಮಾತ್ರ ನಡೆಯುವ ಪಾರ್ಟಿ, ಟೂರು, ಮೇಳಗಳಿಗೆ ಶಕ್ತಿ ಹಾಕಬೇಡಿ. ಪ್ರತಿ ವಾರ, ಅದೇ ಜಾಗ, ಅದೇ ಜನ ಇರುವ ಒಂದನ್ನು ಹಿಡಿಯಿರಿ.

ಕೊಡಗಿನವರಿಗೆ ನಾನು ಮೊದಲು ಹೇಳುವುದು ಹಾಕಿ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ನೋಡಿ ಬೆಳೆದವರು ನಾವು. ನಾನು ಶಾಲೆಯ ತಂಡದಲ್ಲಿ ಮಾತ್ರ ಆಡಿದವಳು. ಇಂಗ್ಲೆಂಡಿನ ಕ್ಲಬ್ಬುಗಳಲ್ಲಿ ಬಹಳ ಚೆನ್ನಾಗಿ ಆಡುವವರಿಂದ ಹಿಡಿದು ಸುಮ್ನೆ ಆಡುವವರವರೆಗೆ ಹಲವು ತಂಡಗಳಿರುತ್ತವೆ. ಆಟದ ಕಾಲ ಸೆಪ್ಟೆಂಬರಿನಿಂದ ವಸಂತದವರೆಗೆ. ಅಂದರೆ ಕತ್ತಲ ತಿಂಗಳುಗಳಿಗೆ ಸರಿಯಾಗಿ. ವರ್ಷಗಟ್ಟಲೆ ಸ್ಟಿಕ್ ಮುಟ್ಟದವರಿಗೆ 'ಬ್ಯಾಕ್ ಟು ಹಾಕಿ' ಅಂತಲೇ ತರಬೇತಿ ಇದೆ. ನಾನು ಹೋದಾಗ ಓಟ ನಿಧಾನ, ಇಂಗ್ಲಿಷ್ ಇನ್ನೂ ನಿಧಾನ. ಆದರೆ ಬಾಲ್ ಕೊಡುವಾಗ ಭಾಷೆ ಬೇಕಾಗಲಿಲ್ಲ. ಆ ವರ್ಷ ನನಗೆ ಜ್ವರ ಬಂದಾಗ ಸೂಪ್ ತಂದವಳು ಅದೇ ತಂಡದ ಗೋಲ್‌ಕೀಪರ್.

ಹಾಕಿ ಬೇಡ ಅನ್ನುವವರಿಗೆ ಪಾರ್ಕ್‌ರನ್ ಇದೆ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಪಾರ್ಕುಗಳಲ್ಲಿ ಐದು ಕಿಲೋಮೀಟರ್. ದುಡ್ಡಿಲ್ಲ. ಓಡಲೇಬೇಕಂತಿಲ್ಲ, ನಡೆಯಬಹುದು. 2004ರಲ್ಲಿ ಲಂಡನ್ನಿನ ಬುಶಿ ಪಾರ್ಕಿನಲ್ಲೇ ಅದು ಹುಟ್ಟಿದ್ದು. ಓಟಕ್ಕಿಂತ ಮುಖ್ಯವಾದದ್ದು ಓಟ ಮುಗಿದ ಮೇಲೆ ಎಲ್ಲರೂ ಸೇರಿ ಕಾಫಿಗೆ ಹೋಗುವುದು. ಓಡಿ ಸೀದಾ ಮನೆಗೆ ಬಂದರೆ ಅರ್ಧ ಪ್ರಯೋಜನ ಹೋಯಿತು.

ಕನ್ನಡದವರು ಬೇಕು ಅನ್ನಿಸಿದರೆ ಕನ್ನಡ ಬಳಗ ಯುಕೆ, ಕನ್ನಡಿಗರು ಯುಕೆ ಇವೆ. ವೆಸ್ಟ್ ಕೆನ್ಸಿಂಗ್ಟನ್ನಿನ ಭಾರತೀಯ ವಿದ್ಯಾ ಭವನಕ್ಕೆ ಹೋಗಿ. ಅದನ್ನು ಬಹಳ ವರ್ಷ ನಡೆಸಿದ ಮತ್ತೂರು ಕೃಷ್ಣಮೂರ್ತಿಯವರು, ಅವರ ನಂತರದ ನಂದಕುಮಾರ ಅವರು, ಇಬ್ಬರೂ ಕನ್ನಡದವರೇ. ಅಲ್ಲಿ ಸಂಗೀತ, ನೃತ್ಯದ ತರಗತಿಗಳು ವಾರವಾರ ನಡೆಯುತ್ತವೆ. ಮತ್ತೆ ಅದೇ ಮಾತು, ವಾರವಾರ.

ಒಂದು ಎಚ್ಚರಿಕೆ. ಬರೀ ನಮ್ಮವರ ಜೊತೆಯೇ ಇದ್ದುಬಿಟ್ಟರೆ ಊರಿನ ನೆನಪಿಗೆ ತಂಪಾಗುತ್ತದೆ, ಆದರೆ ಲಂಡನ್ ಹೊರಗೇ ಉಳಿಯುತ್ತದೆ. ನಮ್ಮವರನ್ನು ಪೂರ್ತಿ ಬಿಟ್ಟರೂ ಕಷ್ಟ. ಬೇರೆಯವರಿಗೆ ಕೊಡಗು ಅಂದರೆ ಏನು ಅಂತ ವಿವರಿಸಿ ವಿವರಿಸಿ ಸಾಕಾಗುವ ದಿನ ಬರುತ್ತದೆ. ಅವತ್ತು ವಿವರಿಸಬೇಕಿಲ್ಲದ ಒಬ್ಬರು ಬೇಕು. ನನ್ನ ಅಂದಾಜಿಗೆ ಇಬ್ಬರು ನಮ್ಮವರು, ಇಬ್ಬರು ಅಲ್ಲಿಯವರು ಸಿಕ್ಕರೆ ಮೊದಲ ವರ್ಷಕ್ಕೆ ಧಾರಾಳವಾಯಿತು.

ಒಲೆ ಹಚ್ಚಿ

ಊರಿನ ನೆನಪಿಗೆ ಅಡುಗೆಯಷ್ಟು ಬೇಗ ಹತ್ತುವ ಮದ್ದು ಇನ್ನೊಂದಿಲ್ಲ. ವಾಸನೆಗೂ ನೆನಪಿಗೂ ಮೆದುಳಿನಲ್ಲಿ ಬಹಳ ಹತ್ತಿರದ ದಾರಿ ಇದೆ. ಕರಿಮೆಣಸು ಹುರಿದ ವಾಸನೆ ಬಂದರೆ ಅರೆಕ್ಷಣ ನೀವು ಮನೆಯಲ್ಲಿರುತ್ತೀರಿ.

ಟೂಟಿಂಗ್, ಈಸ್ಟ್ ಹ್ಯಾಮ್ ಕಡೆ ತಮಿಳು, ಮಲಯಾಳಿ, ಶ್ರೀಲಂಕಾದವರ ಅಂಗಡಿಗಳಿವೆ. ಅಲ್ಲಿ ಇಡ್ಲಿ ರವೆ ಅಂತ ಸಿಗುವ ಅಕ್ಕಿ ತರಿಯಲ್ಲಿ ಕಡಂಬುಟ್ಟಿನ ಉಂಡೆ ಚೆನ್ನಾಗಿ ಆಗುತ್ತದೆ. ಇಡಿಯಪ್ಪಂ ಅಂತ ಇಟ್ಟಿರುವುದೇ ನಮ್ಮ ನೂಪುಟ್ಟು. ಕಳಲೆ ಚೀನೀ ಅಂಗಡಿಗಳಲ್ಲಿ ಡಬ್ಬದಲ್ಲಿ ಸಿಗುತ್ತದೆ, ನಮ್ಮ ಮಳೆಗಾಲದ ಕಳಲೆಯ ಹುಳಿ ಇರುವುದಿಲ್ಲ. ಹಂದಿ ಮಾಂಸ ಹಲಾಲ್ ಅಲ್ಲದ ಕಸಾಯಿ ಅಂಗಡಿಗಳಲ್ಲಿ ಸಿಗುತ್ತದೆ. ಕಾಚಂಪುಳಿಯನ್ನು ಮಾತ್ರ ಹನಿ ಹನಿಯಾಗಿ ಬಳಸಿ, ವರ್ಷ ಬರಬೇಕಲ್ಲ. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಗೆಣಸು (ಯಾಮ್) ಬೇಕೆಂದರೆ ಬ್ರಿಕ್ಸ್‌ಟನ್ ಮಾರುಕಟ್ಟೆಯ ಕೆರಿಬಿಯನ್ ಅಂಗಡಿಗಳಲ್ಲಿ ಹುಡುಕಿ. ಬೇಯಿಸಿ ಜೇನು ಹಾಕಿ ತಿನ್ನಿ.

ಒಬ್ಬರೇ ಕೂತು ತಿಂದರೆ ಆ ಊಟ ನೆನಪಿಗೆ ಮಾತ್ರ ಮದ್ದು. ಇನ್ನೊಬ್ಬರನ್ನು ಕರೆದರೆ ಎರಡೂ ನೋವಿಗೆ ಒಂದೇ ಊಟ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತ ಮೊದಲ ಸಲ ಬಂದಾಗ ನಾನು ಯಾರನ್ನೂ ಕರೆಯಲಿಲ್ಲ, ಮನೆಯ ಫೋಟೋ ನೋಡುತ್ತಾ ತಿಂದೆ. ಎರಡನೇ ವರ್ಷ ಮನೆಯಲ್ಲಿದ್ದ ಮೂವರನ್ನೂ ಕರೆದೆ. ಪೋಲೆಂಡಿನ ಹುಡುಗಿ ಕಡಂಬುಟ್ಟು ತಿಂದು, ಅವಳಜ್ಜಿ ಆಲೂಗಡ್ಡೆಯಲ್ಲಿ ಇಂಥದ್ದೇ ಉಂಡೆ ಮಾಡುತ್ತಾರೆ ಅಂದಳು. ಆಮೇಲೆ ಅವಳಜ್ಜಿಯ ಬಗ್ಗೆ ಹೇಳುತ್ತಾ ಹೋದಳು. ಅವಳಿಗೂ ಮನೆ ಬಿಟ್ಟ ಸಂಕಟ ಇತ್ತು. ಒಂದು ವರ್ಷ ಒಂದೇ ಗೋಡೆಯ ಆಚೀಚೆ ಇದ್ದೆವು, ಗೊತ್ತೇ ಇರಲಿಲ್ಲ.

ಕತ್ತಲ ತಿಂಗಳುಗಳು

ಡಿಸೆಂಬರ್ ಕೊನೆಯ ಹೊತ್ತಿಗೆ ಲಂಡನ್ನಿನಲ್ಲಿ ಬೆಳಗಾಗುವುದು ಎಂಟಕ್ಕೆ, ಸಂಜೆ ನಾಲ್ಕಕ್ಕೆ ಮುಂಚೆ ಸೂರ್ಯ ಮುಳುಗುತ್ತಾನೆ. ಎಂಟು ಗಂಟೆಯೂ ಬೆಳಕಿಲ್ಲ. ನಮ್ಮಲ್ಲಿ ಅದೇ ದಿನ ಹತ್ತಿರ ಹತ್ತಿರ ಹನ್ನೊಂದೂವರೆ ಗಂಟೆ ಹಗಲು. ಅದು ಕಾಫಿ ಹಣ್ಣಿನ ಕಾಲ, ಹುತ್ತರಿ ಮುಗಿದ ಗೆಲುವು. ಮನೆಯಲ್ಲಿ ಎಲ್ಲರೂ ತೋಟದ ಬಿಸಿಲಿನಲ್ಲಿದ್ದಾಗ ನೀವು ಕತ್ತಲಲ್ಲಿ ಬಸ್ಸಿಗೆ ಕಾಯುತ್ತಿರುತ್ತೀರಿ. ಆ ಬೇಜಾರಿನಲ್ಲಿ ಒಂದು ಪಾಲು ಊರಿನದ್ದೂ ಅಲ್ಲ, ಜನರದ್ದೂ ಅಲ್ಲ. ಬೆಳಕಿನದ್ದು. ಅದನ್ನು ಲೆಕ್ಕದಿಂದ ಬೇರೆ ತೆಗೆಯಿರಿ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅರ್ಧ ಗಂಟೆಯಾದರೂ ಹೊರಗೆ ನಡೆಯಿರಿ, ಮೋಡವಿದ್ದರೂ ಸರಿ. ಅಕ್ಟೋಬರಿನಿಂದ ಮಾರ್ಚ್ ಆರಂಭದವರೆಗೆ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳುವ ಬಗ್ಗೆ ಯೋಚಿಸಿ ಅಂತ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಎಲ್ಲರಿಗೂ ಹೇಳುತ್ತದೆ. ನಮ್ಮಂಥ ಕಪ್ಪು ಮೈಬಣ್ಣದವರಿಗೆ ವರ್ಷವಿಡೀ ಬೇಕಾಗಬಹುದು.

ತೀರಾ ತಡೆಯಲಾಗದ ದಿನ ಕ್ಯೂ ಗಾರ್ಡನ್ಸಿಗೆ ಹೋಗಿ. ತೆರೆದಿದೆಯಾ ಅಂತ ಮೊದಲು ನೋಡಿಕೊಳ್ಳಿ. ಅಲ್ಲಿನ ಪಾಮ್ ಹೌಸ್ ಹತ್ತೊಂಬತ್ತನೇ ಶತಮಾನದಲ್ಲಿ ಕಟ್ಟಿದ ದೊಡ್ಡ ಗಾಜಿನ ಮನೆ. ಬಾಗಿಲು ತೆಗೆದರೆ ಮಳೆಗಾಲದ ಬೆಚ್ಚಗಿನ ಗಾಳಿ ಮುಖಕ್ಕೆ ಬಡಿಯುತ್ತದೆ. ಬಾಳೆ, ಮೆಣಸಿನ ಬಳ್ಳಿ, ಕಾಫಿ ಗಿಡ. ನಾನು ಅಲ್ಲಿ ಕಾಫಿ ಎಲೆ ಮುಟ್ಟಿ ಸುಮಾರು ಹೊತ್ತು ನಿಂತಿದ್ದೆ. ಅಳುವೂ ಬಂತು. ಅತ್ತ ಮೇಲೆ ಹಗುರವಾಯಿತು.

ಆ ಊರಿನಲ್ಲಿ ನಿಮ್ಮವರನ್ನು ಹುಡುಕಿ

ಪ್ರವಾಸಿಗಳು ನೋಡುವ ಜಾಗ ಆಯಿತು. ಇನ್ನು ನಿಮಗೆ ಮಾತ್ರ ಅರ್ಥವಿರುವ ಎರಡು ಮೂರು ಜಾಗ ಹುಡುಕಿಕೊಳ್ಳಿ. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರಿನಲ್ಲಿ ಅನಾವರಣವಾದ ಬಸವಣ್ಣನವರ ಪ್ರತಿಮೆ ಇದೆ. ಭಾನುವಾರ ಮಧ್ಯಾಹ್ನಗಳಲ್ಲಿ ನಾನು ಅದರ ಹತ್ತಿರದ ಬೆಂಚಿನಲ್ಲಿ ಕೂರುತ್ತಿದ್ದೆ.

ನನ್ನನ್ನು ಹೆಚ್ಚು ಕಲಕಿದ್ದು ಬೇರೆ ಎರಡು ಜಾಗ. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಬ್ರಿಟಿಷರು 1834ರಲ್ಲಿ ಇಳಿಸಿ ಕಾಶಿಗೆ ಕಳಿಸಿದರು. ಈಸ್ಟ್ ಇಂಡಿಯಾ ಕಂಪನಿಯಿಂದ ತನ್ನ ಹಣ ಕೇಳಲು ಆತ 1852ರಲ್ಲಿ ಲಂಡನ್ನಿಗೆ ಹೋದ. ಜೊತೆಗೆ ಹನ್ನೊಂದು ವರ್ಷದ ಮಗಳು ಗೌರಮ್ಮ. ಅವಳಿಗೆ ಅಲ್ಲಿ ಕ್ರೈಸ್ತ ದೀಕ್ಷೆ ಕೊಟ್ಟು ವಿಕ್ಟೋರಿಯಾ ಅಂತ ಹೆಸರಿಟ್ಟರು. ರಾಣಿಯೇ ಗಾಡ್‌ಮದರ್. ಹುಡುಗಿ ಅಪ್ಪನಿಂದ ದೂರ, ಬೇರೆಯವರ ಮನೆಗಳಲ್ಲಿ ಬೆಳೆದಳು. ಅರಸ 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಅವನ ಸಮಾಧಿ ಇದೆ. ಗೌರಮ್ಮ 1864ರಲ್ಲಿ ಹೋದಳು, ಇನ್ನೂ ಇಪ್ಪತ್ತೆರಡು. ಅವಳದ್ದು ಬ್ರಾಂಪ್ಟನ್ ಸ್ಮಶಾನದಲ್ಲಿ. ವೆಸ್ಟ್ ಬ್ರಾಂಪ್ಟನ್ ಸ್ಟೇಷನ್ನಿನಲ್ಲಿ ಇಳಿದರೆ ನಡೆಯುವಷ್ಟೇ ದೂರ. ನಾನು ಚೆಂಡು ಹೂವು ಒಯ್ದಿದ್ದೆ. ಮಡಿಕೇರಿ ಕೋಟೆಯ ಮುಂದೆ ಎಷ್ಟು ಸಲ ಓಡಾಡಿದ್ದೇನೆ, ಈ ಮಗುವಿನ ಬಗ್ಗೆ ಯೋಚಿಸಿದ್ದು ಅಲ್ಲಿ. ಫೋನಿಲ್ಲ, ಮರಳುವ ಟಿಕೆಟ್ ಇಲ್ಲ, ತನ್ನ ಭಾಷೆ ಆಡುವ ಒಬ್ಬರೂ ಪಕ್ಕದಲ್ಲಿಲ್ಲ. ಅವಳಿಗೆ ಯಾರು ಏನು ಹೇಳಿ ಮಲಗಿಸಿದರೋ.

ಸಹಾಯ ಕೇಳಬೇಕಾದ ಹೊತ್ತು

ಬೇಜಾರು ಬಂದು ಹೋಗುತ್ತಿದ್ದರೆ ಮೇಲಿನದ್ದೆಲ್ಲ ಸಾಕು. ಆದರೆ ಎರಡು ವಾರ ಬಿಡದೆ ಮನಸ್ಸು ಕುಗ್ಗಿದ್ದರೆ, ನಿದ್ದೆ ಊಟ ಕೆಟ್ಟರೆ, ಸ್ನಾನ ಮಾಡಲೂ ಬೇಡ ಅನ್ನಿಸಿದರೆ, ಇಷ್ಟವಿದ್ದದ್ದು ಯಾವುದೂ ಇಷ್ಟವಾಗದಿದ್ದರೆ ಡಾಕ್ಟರ ಬಳಿ ಹೋಗಿ. ಕಾಲೇಜಿನಲ್ಲಿ ಕೌನ್ಸೆಲಿಂಗ್ ಇರುತ್ತದೆ. ಇಂಗ್ಲೆಂಡಿನಲ್ಲಿ 18 ದಾಟಿದವರು ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್ ಎಂಬ ಮಾತಿನ ಚಿಕಿತ್ಸೆಗೆ ತಾವೇ ಹೆಸರು ಕೊಡಬಹುದು, ಜಿಪಿ ಚೀಟಿ ಬೇಕಿಲ್ಲ. ಇಂಗ್ಲಿಷಿನಲ್ಲಿ ಮನಸ್ಸು ಬಿಚ್ಚಲು ಆಗದಿದ್ದರೆ ದುಭಾಷಿ ಬೇಕು ಅಂತ ಕೇಳಿ.

ಬದುಕು ಬೇಡ ಅನ್ನಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ. ಸಮಾರಿಟನ್ಸ್ ಸಹಾಯವಾಣಿ 116 123, ಹಗಲು ರಾತ್ರಿ, ದುಡ್ಡಿಲ್ಲ. ಎನ್‌ಎಚ್‌ಎಸ್ 111ಕ್ಕೆ ಮಾಡಿ 2 ಒತ್ತಿದರೆ ಮಾನಸಿಕ ಆರೋಗ್ಯದವರು ಸಿಗುತ್ತಾರೆ. ಜೀವಕ್ಕೆ ಅಪಾಯ ಅನ್ನಿಸಿದರೆ 999. ಇಲ್ಲಿ ಮನೆಯಲ್ಲಿರುವವರಿಗೆ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳನ್ನು ಕಳಿಸಿ ಖಾಲಿ ಮನೆಯಲ್ಲಿ ಕೂತ ಅಪ್ಪ ಅಮ್ಮನಿಗೂ ಅದು ಬೇಕಾಗಬಹುದು.

ಕಳಿಸಿಕೊಡುವ ಮನೆಯವರಿಗೆ

ಪ್ರತಿ ಫೋನಿನಲ್ಲೂ "ಯಾವಾಗ ಬರ್ತೀಯ" ಅಂತ ಕೇಳಬೇಡಿ. ಅದಕ್ಕೆ ಅವರ ಬಳಿ ಉತ್ತರ ಇರುವುದಿಲ್ಲ. "ಇವತ್ತು ಯಾರ ಜೊತೆ ಮಾತಾಡಿದೆ?" ಅಂತ ಕೇಳಿ. ವಿಡಿಯೋ ಮಾಡುವಾಗ ನಿಮ್ಮ ಮುಖವನ್ನೇ ತೋರಿಸುತ್ತಾ ಕೂರದೆ ಫೋನ್ ಹಿಡಿದು ತೋಟದಲ್ಲಿ ಒಂದು ಸುತ್ತು ಬನ್ನಿ. ಯಾವ ಗಿಡ ಹೂ ಬಿಟ್ಟಿದೆ, ನಾಯಿ ಎಲ್ಲಿ ಮಲಗಿದೆ, ಆನೆ ಯಾವ ಬೇಲಿ ಮುರಿಯಿತು. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ ಮುಚ್ಚಿಡಬೇಡಿ. ಅಜ್ಜಿ ಆಸ್ಪತ್ರೆಯಲ್ಲಿದ್ದದ್ದು ನನಗೆ ಗೊತ್ತಾದದ್ದು ಅವರು ಮನೆಗೆ ಬಂದು ಹತ್ತು ದಿನವಾದ ಮೇಲೆ. ಆಮೇಲೆ ಬಹಳ ಕಾಲ, ಅಮ್ಮ "ಎಲ್ಲರೂ ಚೆನ್ನಾಗಿದ್ದಾರೆ" ಅಂದಾಗೆಲ್ಲ ನನಗೆ ಹೆದರಿಕೆಯಾಗುತ್ತಿತ್ತು.

ಮೊದಲ ರಜೆಗೆ ಬಂದು ಹೋಗುವಾಗ

ಮೊದಲ ಆರು ತಿಂಗಳು ಊರಿಗೆ ಬರಬೇಡಿ. ಮನೆಯಲ್ಲಿ ತೊಂದರೆ ಇದ್ದರೆ ಮಾತು ಬೇರೆ. ಅಲ್ಲಿ ಬೇರು ಹಿಡಿಯುವ ಮೊದಲೇ ಕಿತ್ತು ತಂದರೆ ಮತ್ತೆ ನೆಡುವುದು ಕಷ್ಟ.

ಬಂದು ಹೋದ ಮೇಲಿನ ಮೊದಲ ವಾರ ಹೋದ ಹೊಸದಕ್ಕಿಂತ ಕೆಟ್ಟದಾಗಿರುತ್ತದೆ. ಈ ಸಲ ಏನು ಬಿಟ್ಟು ಬಂದಿರಿ ಅಂತ ಸರಿಯಾಗಿ ಗೊತ್ತಿರುತ್ತದೆ. ಅದಕ್ಕೆ ಹೊರಡುವ ಮುಂಚೆಯೇ, ಮರಳಿದ ಮರುದಿನಕ್ಕೆ ಒಬ್ಬರ ಜೊತೆ ಭೇಟಿ ಗೊತ್ತು ಮಾಡಿಟ್ಟಿರಿ. ಒಂದು ಊಟ ಮಾಡಿ ಫ್ರೀಜರಿನಲ್ಲಿಟ್ಟು ಹೊರಡಿ. ತಲುಪಿದ ರಾತ್ರಿಯೇ ಸೂಟ್‌ಕೇಸ್ ಪೂರ್ತಿ ಬಿಚ್ಚಿ, ನಾಳೆಗೆ ಬಿಡಬೇಡಿ. ಬಟ್ಟೆ ಒಗೆಯಲು ಹಾಕಿ. ಕಾಫಿ ಪುಡಿಯನ್ನು ಡಬ್ಬಕ್ಕೆ ಸುರಿದು, ಒಂದು ಪೊಟ್ಟಣ ಮಾತ್ರ ಬೇರೆ ತೆಗೆದಿಡಿ. ಅದು ಮೂಲೆ ಅಂಗಡಿಯವರಿಗೆ. ಬೆಳಿಗ್ಗೆ ಹಾಲು ತರಲು ಹೋಗುತ್ತೀರಲ್ಲ, ಆಗ ಕೊಟ್ಟು ಬನ್ನಿ.